ಆಡಂ ಆಸ್ಬೋರ್ನ್ ಎರಡು ಬಾರಿ ಸೋತದ್ದೇಕೆ?

2025ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಮಾತನಾಡಿದ ಪ್ರಧಾನಿ ನರೇಂದ್ರ ಮೋದಿ ಅವರು ದೀಪಾವಳಿಯ ವೇಳೆಗೆ ಜಿಎಸ್‌ಟಿ ದರಗಳು ಇಳಿಯಲಿವೆ ಎಂದು ಘೋಷಿಸಿದರು. ಯಾವ ವಸ್ತುವಿಗೆ ಎಷ್ಟು ಇಳಿಕೆ ಎಂಬುದು ಅಧಿಕೃತವಾಗಿ ಗೊತ್ತಾದದ್ದು ಸೆಪ್ಟೆಂಬರ್ 3ರ ಜಿಎಸ್‌ಟಿ ಮಂಡಳಿಯ ಸಭೆಯಲ್ಲಿ. ಹೊಸ ದರ ಜಾರಿಗೆ ಬಂದದ್ದು ಸೆಪ್ಟೆಂಬರ್ 22ರಂದು. ನಡುವಿನ ಐದು ವಾರಗಳಲ್ಲಿ ಸಣ್ಣ ಕಾರು, ಬೈಕು, ಎ.ಸಿ., ದೊಡ್ಡ ಪರದೆಯ ಟಿವಿ ಕೊಳ್ಳಬೇಕೆಂದಿದ್ದವರು ಸಹಜವಾಗಿಯೇ ಕೈ ಬಿಗಿಹಿಡಿದರು. ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯುತ್ತದೆಂಬ ಸುಳಿವು ಸಿಕ್ಕ ಮೇಲೂ ಹಳೆಯ ದರದಲ್ಲಿ ಯಾರು ಕೊಳ್ಳುತ್ತಾರೆ? ಆಗಸ್ಟ್‌ನಲ್ಲಿ ಕಾರ್ಖಾನೆಗಳಿಂದ ಡೀಲರುಗಳಿಗೆ ಹೋದ ಕಾರುಗಳ ಸಂಖ್ಯೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಕಡಿಮೆಯಾಯಿತು. ಕಾರುಗಳ ಮೇಲೆ ಜಿಎಸ್‌ಟಿಯ ಜೊತೆಗೆ ಹೆಚ್ಚುವರಿಯಾಗಿದ್ದ ಪರಿಹಾರ ಸೆಸ್ ಕಟ್ಟಿ ಗೋದಾಮು ತುಂಬಿಕೊಂಡಿದ್ದ ಡೀಲರುಗಳು, ಕಟ್ಟಿದ ಹಣ ಲೆಕ್ಕದ ಪುಸ್ತಕದಲ್ಲೇ ಸಿಕ್ಕಿಕೊಳ್ಳುತ್ತದೆಂಬ ಆತಂಕದಿಂದ ಸರ್ಕಾರದ ಮೊರೆಹೋದರು.

ನಾಳೆ ಬರಲಿರುವುದರ ಸುದ್ದಿಯೇ ಇಂದಿನ ವ್ಯಾಪಾರವನ್ನು ಕೆಡಿಸುವ ಈ ವಿದ್ಯಮಾನವನ್ನು ವ್ಯಾಪಾರ ಜಗತ್ತು ನಾಲ್ಕು ದಶಕಗಳಿಂದ ‘ಆಸ್ಬೋರ್ನ್ ಪರಿಣಾಮ’ ಎಂದು ಕರೆಯುತ್ತಾ ಬಂದಿದೆ. ವ್ಯವಸ್ಥಾಪನಾ ಶಾಸ್ತ್ರದ ತರಗತಿಗಳಲ್ಲಿ ಅದರ ಹಿಂದಿನ ಕಥೆಯನ್ನು ಹೇಳುವುದು ಎರಡೇ ವಾಕ್ಯಗಳಲ್ಲಿ. ಹೊಸ ಕಂಪ್ಯೂಟರ್ ಸಿದ್ಧವಾಗುವ ಮುನ್ನವೇ ಅದರ ತಯಾರಕ ಆಡಂ ಆಸ್ಬೋರ್ನ್ ಅದರ ಬಗ್ಗೆ ಜಂಬ ಕೊಚ್ಚಿಕೊಂಡರು. ಜನ ಹಳೆಯದನ್ನು ಕೊಳ್ಳುವುದನ್ನು ನಿಲ್ಲಿಸಿದ್ದರಿಂದ ಕಂಪನಿ ದಿವಾಳಿಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ನಮ್ಮ ಗಾದೆಗೆ ಉದಾಹರಣೆಯಾಗಿ ಕೊಡಬಹುದಾದಷ್ಟು ಅಚ್ಚುಕಟ್ಟಾದ ಕಥೆಯಿದು. ಅಷ್ಟು ಅಚ್ಚುಕಟ್ಟಾಗಿರುವುದರಿಂದಲೇ ಅದನ್ನು ಅನುಮಾನಿಸಬೇಕು. ಆಸ್ಬೋರ್ನ್ ಅವರ ಮೊದಲ ಕಂಪನಿ ನಿಜವಾಗಿ ಮುಳುಗಿದ್ದು, ಅವರ ಯಂತ್ರ ಮಾರುಕಟ್ಟೆ ಒಪ್ಪಿಕೊಂಡ ಮಾನಕಕ್ಕೆ ಹೊಂದದೇ ಹೋದದ್ದರಿಂದ. ಅದಕ್ಕಿಂತ ವಿಚಿತ್ರವೆಂದರೆ, ಅವರ ಎರಡನೆಯ ಕಂಪನಿ ಮುಳುಗಿದ್ದು ಅದರ ತಂತ್ರಾಂಶ ಮಾನಕಕ್ಕೆ ತೀರಾ ಚೆನ್ನಾಗಿ ಹೊಂದಿಕೊಂಡಿದ್ದರಿಂದ. ಇವೆರಡನ್ನೂ ಒಟ್ಟಿಗಿಟ್ಟು ನೋಡಿದರೆ ಕಾಣುವ ಪ್ರಶ್ನೆ ಬಾಯಿಬಡುಕತನದ್ದಲ್ಲ, ಮಾನಕದ ಒಡೆತನ ಯಾರದು ಎಂಬುದು.

ಆಸ್ಬೋರ್ನ್ ಅವರ ಬದುಕಿನ ಎರಡೂ ತುದಿಗಳು ದಕ್ಷಿಣ ಭಾರತಕ್ಕೆ ಅಂಟಿಕೊಂಡಿವೆ. ಅವರು ಹುಟ್ಟಿದ್ದು 1939ರ ಮಾರ್ಚ್ 6ರಂದು, ಬ್ಯಾಂಕಾಕ್‌ನಲ್ಲಿ. ತಂದೆ ಆರ್ಥರ್ ಆಸ್ಬೋರ್ನ್ ಅಲ್ಲಿನ ಚುಲಲೊಂಗ್‌ಕಾರ್ನ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಇಂಗ್ಲಿಷರು, ತಾಯಿ ಪೋಲೆಂಡಿನವರು. ರಮಣ ಮಹರ್ಷಿಗಳ ವಿಚಾರಗಳಿಗೆ ಮನಸೋತಿದ್ದ ಈ ದಂಪತಿ ಮಕ್ಕಳೊಂದಿಗೆ 1941ರಲ್ಲಿ ತಿರುವಣ್ಣಾಮಲೈಗೆ ಬಂದರು. ಕೆಲಸಕ್ಕೆಂದು ಬ್ಯಾಂಕಾಕಿಗೆ ಮರಳಿದ ಆರ್ಥರ್ ಯುದ್ಧ ಮುಗಿಯುವವರೆಗೂ ಜಪಾನೀಯರ ಸೆರೆಶಿಬಿರದಲ್ಲಿ ಉಳಿಯಬೇಕಾಯಿತು. ಅರುಣಾಚಲದ ಬುಡದಲ್ಲಿ, ರಮಣಾಶ್ರಮದ ಆಸುಪಾಸಿನಲ್ಲಿ ಬೆಳೆದ ಹುಡುಗ ಕೊಡೈಕನಾಲ್‌ನ ಕಾನ್ವೆಂಟ್ ಶಾಲೆಯಲ್ಲಿ ಓದಿ, ಹನ್ನೊಂದನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋದ. ತಂದೆ ಮುಂದೆ 1964ರಲ್ಲಿ ಆಶ್ರಮದ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿ ಅದರ ಸಂಪಾದಕರಾದರು. ರಮಣರ ಬಗ್ಗೆ ಇಂಗ್ಲಿಷಿನಲ್ಲಿ ಓದಿದವರಿಗೆ ಆರ್ಥರ್ ಅವರ ಹೆಸರು ಚೆನ್ನಾಗಿ ಗೊತ್ತಿರುತ್ತದೆ; ಅವರ ಮಗ ಕಂಪ್ಯೂಟರ್ ಉದ್ಯಮದಲ್ಲಿ ಹೆಸರು ಮಾಡಿದವರೆಂಬುದು ಆ ಓದುಗರಲ್ಲಿ ಅನೇಕರಿಗೆ ಗೊತ್ತಿರಲಾರದು.

ಬರ್ಮಿಂಗ್‌ಹ್ಯಾಮ್‌ನಲ್ಲಿ 1961ರಲ್ಲಿ ಪದವಿ, ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ 1968ರಲ್ಲಿ ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್, ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಶೆಲ್ ಕಂಪನಿಯ ಕೆಲಸ. ಅದನ್ನು ಬಿಟ್ಟ ಆಸ್ಬೋರ್ನ್ ಹಿಡಿದದ್ದು ತಾಂತ್ರಿಕ ಬರವಣಿಗೆಯ ದಾರಿ. ಮೈಕ್ರೊಪ್ರೊಸೆಸರ್ ಎಂಬ ಹೊಸ ವಸ್ತು ಮಾರುಕಟ್ಟೆಗೆ ಬಂದಿದ್ದರೂ ಅದನ್ನು ಸಾಮಾನ್ಯ ಎಂಜಿನಿಯರಿಗೆ ಅರ್ಥವಾಗುವಂತೆ ವಿವರಿಸುವ ಪುಸ್ತಕಗಳಿಲ್ಲದಿದ್ದ ಕಾಲವದು. 1975ರಲ್ಲಿ ಅವರು ಬರೆದ ಪರಿಚಯ ಗ್ರಂಥವನ್ನು ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿ, ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಎಂಬ ಹವ್ಯಾಸಿಗಳ ಕೂಟದ ಸಭೆಗಳಿಗೆ ಒಯ್ದು ಮಾರಿದರು. ಇಮ್ಸಾಯ್ ಎಂಬ ಆಗಿನ ಕಂಪ್ಯೂಟರ್ ಕಂಪನಿ ತನ್ನ ಪ್ರತಿ ಯಂತ್ರದೊಂದಿಗೆ ಅದರ ಒಂದು ಪ್ರತಿಯನ್ನು ಕೊಡತೊಡಗಿದ ಮೇಲೆ ಪುಸ್ತಕದ ವ್ಯಾಪಾರ ಕುದುರಿತು. 1979ರಲ್ಲಿ ಆ ಪ್ರಕಾಶನ ಸಂಸ್ಥೆಯನ್ನು ಮೆಕ್‌ಗ್ರಾ ಹಿಲ್ ಕೊಂಡುಕೊಂಡಿತು. ಯಂತ್ರಗಳನ್ನು ಕಟ್ಟುವವರನ್ನು ಪತ್ರಿಕಾ ಅಂಕಣಗಳಲ್ಲಿ ಎಗ್ಗಿಲ್ಲದೆ ಟೀಕಿಸುತ್ತಿದ್ದ ಮನುಷ್ಯನ ಕೈಯಲ್ಲಿ ಈಗ ತಾನೇ ಒಂದು ಯಂತ್ರ ಕಟ್ಟಲು ಬೇಕಾದ ಹಣವೂ ಇತ್ತು.

ಆಸ್ಬೋರ್ನ್ ಕಂಡುಕೊಂಡ ಕೊರತೆ ತಂತ್ರಜ್ಞಾನದ್ದಾಗಿರಲಿಲ್ಲ. ಆಗ ಕಂಪ್ಯೂಟರ್ ಕೊಳ್ಳುವವರು ಯಂತ್ರವನ್ನೊಂದು ಕಡೆ, ಪರದೆಯನ್ನು ಇನ್ನೊಂದು ಕಡೆ, ಡಿಸ್ಕ್ ಡ್ರೈವನ್ನು ಮತ್ತೊಂದು ಕಡೆ ಕೊಂಡು, ಪತ್ರ ಬರೆಯುವ ತಂತ್ರಾಂಶಕ್ಕೂ ಲೆಕ್ಕ ಮಾಡುವ ತಂತ್ರಾಂಶಕ್ಕೂ ಪ್ರತ್ಯೇಕವಾಗಿ ನೂರಾರು ಡಾಲರ್ ತೆತ್ತು, ಕೊನೆಗೆ ಇವೆಲ್ಲ ಒಂದಕ್ಕೊಂದು ಹೊಂದುತ್ತವೆಯೇ ಎಂದು ತಲೆಕೆಡಿಸಿಕೊಳ್ಳಬೇಕಾಗಿತ್ತು. ಸಾಕಾಗುವಷ್ಟಿದ್ದರೆ ಸಾಕು, ಅದಕ್ಕಿಂತ ಹೆಚ್ಚಿನದು ವ್ಯರ್ಥ ಎಂಬುದು ಅವರ ನಿಲುವು. ಹೋಮ್‌ಬ್ರೂ ಕ್ಲಬ್‌ನ ಸಭೆಗಳನ್ನು ನಡೆಸುತ್ತಿದ್ದ ಎಂಜಿನಿಯರ್ ಲೀ ಫೆಲ್ಸೆನ್‌ಸ್ಟೈನ್ ಅವರಿಗೆ ವಿನ್ಯಾಸದ ಹೊಣೆ ವಹಿಸಿ, ವಿಮಾನದ ಆಸನದಡಿ ಹಿಡಿಸುವ ಒಂದೇ ಪೆಟ್ಟಿಗೆಯೊಳಗೆ ಎಲ್ಲವೂ ಇರಬೇಕೆಂದರು. 1981ರ ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ವೆಸ್ಟ್ ಕೋಸ್ಟ್ ಕಂಪ್ಯೂಟರ್ ಮೇಳದಲ್ಲಿ ಪ್ರದರ್ಶನಗೊಂಡ ಆಸ್ಬೋರ್ನ್ 1ರ ಬೆಲೆ 1,795 ಡಾಲರ್. ಜೊತೆಗೆ ಬರುತ್ತಿದ್ದ ಪತ್ರ ಬರೆಯುವ ವರ್ಡ್‌ಸ್ಟಾರ್, ಲೆಕ್ಕ ಮಾಡುವ ಸೂಪರ್‌ಕ್ಯಾಲ್ಕ್ ಮತ್ತು ಪ್ರೋಗ್ರಾಂ ಬರೆಯುವ ಎರಡು ಬೇಸಿಕ್ ಭಾಷೆಗಳನ್ನು ಬಿಡಿಬಿಡಿಯಾಗಿ ಕೊಂಡರೆ ಸುಮಾರು 1,500 ಡಾಲರ್ ಆಗುತ್ತಿತ್ತು. ತಂತ್ರಾಂಶ ಕಂಪನಿಗಳಿಗೆ ಒಂದಿಷ್ಟು ನಗದು, ಒಂದಿಷ್ಟು ಷೇರುಗಳ ಆಸೆ ತೋರಿಸಿ ಸಾಧಿಸಿದ ಒಪ್ಪಂದಗಳಿವು. ಇಂದು ಲ್ಯಾಪ್‌ಟಾಪ್ ಕೊಂಡಾಗ ಅದರಲ್ಲಿ ಬೇಕಾದ ತಂತ್ರಾಂಶ ಮೊದಲೇ ಇರುತ್ತದೆಂದು ನಾವು ನಿರೀಕ್ಷಿಸುವ ರೂಢಿಗೆ ಆಸ್ಬೋರ್ನ್ ದೊಡ್ಡ ತಳ್ಳು ಕೊಟ್ಟರು.

ಸಾಕು ಎಂಬುದು ಎಷ್ಟರಮಟ್ಟಿಗೆ ಸಾಕು ಎಂದು ತಿಳಿಯಬೇಕಾದರೆ ಆ ಯಂತ್ರದ ಮುಂದೆ ಕುಳಿತವರ ಪಾಡನ್ನು ಊಹಿಸಿಕೊಳ್ಳಬೇಕು. ತೂಕ ಸುಮಾರು 11 ಕಿಲೋ. ಒಳಗೆ ಬ್ಯಾಟರಿ ಇರಲಿಲ್ಲವಾದ್ದರಿಂದ ಹೊತ್ತೊಯ್ದಲ್ಲಿ ವಿದ್ಯುತ್ ಪ್ಲಗ್ ಹುಡುಕಲೇಬೇಕು. ಹೊಲಿಗೆ ಯಂತ್ರದ ಪೆಟ್ಟಿಗೆಯಂತಿದ್ದ ಅದರ ಮುಚ್ಚಳ ತೆಗೆದರೆ ಅದೇ ಕೀಲಿಮಣೆ. ಎರಡು ಫ್ಲಾಪಿ ಡ್ರೈವ್‌ಗಳ ನಡುವೆ, ಅಂಗೈಯಗಲದ 5 ಇಂಚಿನ ಪರದೆ. ಟೈಪು ಮಾಡಿದ ಪತ್ರವೊಂದರ ಸಾಲು ಸಾಮಾನ್ಯವಾಗಿ 80 ಅಕ್ಷರಗಳದ್ದಾದರೆ ಈ ಪರದೆಯಲ್ಲಿ ಒಮ್ಮೆಗೆ ಕಾಣುತ್ತಿದ್ದದ್ದು 52 ಅಕ್ಷರ ಮಾತ್ರ. ಫೆಲ್ಸೆನ್‌ಸ್ಟೈನ್ ಇದಕ್ಕೊಂದು ಉಪಾಯ ಮಾಡಿದ್ದರು: ಯಂತ್ರದ ನೆನಪಿನಲ್ಲಿ 128 ಅಕ್ಷರ ಅಗಲದ ದೊಡ್ಡ ಹಾಳೆಯಿರುತ್ತಿತ್ತು, ಪರದೆ ಅದರ ಮೇಲೆ ಸರಿದಾಡುವ ಕಿಟಕಿಯಾಗಿರುತ್ತಿತ್ತು. ಕಂಟ್ರೋಲ್ ಕೀಲಿಯನ್ನೂ ಬಾಣದ ಕೀಲಿಯನ್ನೂ ಒತ್ತಿ ಸಾಲಿನ ಉಳಿದ ಭಾಗವನ್ನು ಎಳೆದು ತಂದುಕೊಳ್ಳಬೇಕು. ಕಿರಿಕಿರಿಯೇನೋ ಹೌದು. ಆದರೂ ಬೇರೆ ಯಾರೂ ಆ ಬೆಲೆಗೆ ಆ ಸೌಕರ್ಯ ಕೊಡುತ್ತಿರಲಿಲ್ಲವಾದ್ದರಿಂದ ಜನ ಸಹಿಸಿಕೊಂಡರು. ಮಾರಾಟ ಉಚ್ಛ್ರಾಯದಲ್ಲಿದ್ದಾಗ ತಿಂಗಳಿಗೆ 10,000 ಯಂತ್ರಗಳವರೆಗೂ ಖರ್ಚಾದವು.

ಎರಡೇ ವರ್ಷಗಳಲ್ಲಿ ಪರಿಸ್ಥಿತಿ ಬದಲಾಯಿತು. ಪ್ರಚಲಿತ ಕಥೆ ಮುಚ್ಚಿಡುವುದು ಇದನ್ನೇ. 1982ರಲ್ಲಿ ಕೇಪ್ರೊ ಎಂಬ ಪ್ರತಿಸ್ಪರ್ಧಿ ಅದೇ 1,795 ಡಾಲರಿಗೆ 9 ಇಂಚಿನ, ಸಾಲಿಗೆ 80 ಅಕ್ಷರ ತೋರಿಸುವ ಪರದೆಯ ಯಂತ್ರವನ್ನು ತಂದಿತು. ಅದೂ ಆಸ್ಬೋರ್ನ್ 1ರಂತೆ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲೇ ನಡೆಯುತ್ತಿತ್ತು, ಅದಕ್ಕೂ ತಂತ್ರಾಂಶಗಳ ಗಂಟು ಜೊತೆಗಿತ್ತು. ಇನ್ನೊಂದೆಡೆ ಆಸ್ಬೋರ್ನ್ 1 ಬಂದ ನಾಲ್ಕು ತಿಂಗಳಿಗೆ, 1981ರ ಆಗಸ್ಟ್ 12ರಂದು, ಐಬಿಎಂ ತನ್ನ ಪಿಸಿಯನ್ನು ಬಿಡುಗಡೆ ಮಾಡಿತ್ತು. ಅದು ಬೇರೆ ಪ್ರೊಸೆಸರ್, ಬೇರೆ ಆಪರೇಟಿಂಗ್ ಸಿಸ್ಟಮ್. ಕಚೇರಿಗಳು ಐಬಿಎಂ ಕಡೆಗೆ ವಾಲಿದಂತೆ ತಂತ್ರಾಂಶ ಬರೆಯುವವರೂ ಅತ್ತಲೇ ವಾಲಿದರು. 1983ರ ಜನವರಿಯಲ್ಲಿ ಐಬಿಎಂ ಪಿಸಿಗಾಗಿ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶ ಬಂದ ಮೇಲಂತೂ, ವ್ಯವಹಾರಸ್ಥರು ಲೋಟಸ್ ನಡೆಸಲಿಕ್ಕೆಂದೇ ಪಿಸಿ ಕೊಳ್ಳುವ ಮಟ್ಟಿಗೆ ಪರಿಸ್ಥಿತಿ ತಿರುಗಿತು.

ಈ ತಿರುವು ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಕಾಂಪ್ಯಾಕ್ ಸಾಕ್ಷಿ. ಟೆಕ್ಸಾಸ್‌ನ ಮೂವರು ಎಂಜಿನಿಯರುಗಳು ಕಟ್ಟಿದ ಆ ಕಂಪನಿಯ ಹೊತ್ತೊಯ್ಯುವ ಯಂತ್ರ 1983ರ ಮಾರ್ಚ್‌ನಲ್ಲಿ ಮಳಿಗೆಗಳಿಗೆ ಬಂತು. ಅದು ಆಸ್ಬೋರ್ನ್‌ಗಿಂತ ಭಾರವಾಗಿತ್ತು, ಬೆಲೆ ಸುಮಾರು 3,000 ಡಾಲರಿನಿಂದ ಶುರುವಾಗುತ್ತಿತ್ತು. ಆದರೆ ಐಬಿಎಂ ಪಿಸಿಯಲ್ಲಿ ನಡೆಯುವುದೆಲ್ಲ ಅದರಲ್ಲೂ ನಡೆಯುತ್ತಿತ್ತು. ಐಬಿಎಂ ತನ್ನ ಯಂತ್ರದ ಮೂಲಭೂತ ನಿಯಂತ್ರಣ ತಂತ್ರಾಂಶದ ಮೇಲೆ ಹಕ್ಕುಸ್ವಾಮ್ಯ ಹೊಂದಿತ್ತು; ಕಾಂಪ್ಯಾಕ್ ಅದರ ಒಂದು ಸಾಲನ್ನೂ ನೋಡದ ಎಂಜಿನಿಯರುಗಳಿಂದ, ಅದು ಮಾಡುವ ಕೆಲಸವನ್ನಷ್ಟೇ ಮಾಡುವ ಬೇರೆ ತಂತ್ರಾಂಶವನ್ನು ಬರೆಸಿತು. ಮೊದಲ ವರ್ಷವೇ 53,000 ಯಂತ್ರಗಳು ಮಾರಾಟವಾಗಿ 11.1 ಕೋಟಿ ಡಾಲರ್ ಆದಾಯ ಬಂತು. ಅಗ್ಗದ, ಹಗುರಾದ ಪೆಟ್ಟಿಗೆಯನ್ನು ಬಿಟ್ಟು ದುಬಾರಿಯಾದ, ಭಾರವಾದ ಪೆಟ್ಟಿಗೆಯನ್ನು ಜನ ಆರಿಸಿಕೊಂಡರೆಂದರೆ, ಅವರು ಕೊಳ್ಳುತ್ತಿದ್ದದ್ದು ಪೆಟ್ಟಿಗೆಯನ್ನಲ್ಲ, ಹೊಂದಾಣಿಕೆಯನ್ನು.

ಈಗ ಆ ಪ್ರಸಿದ್ಧ ಘೋಷಣೆಗೆ ಬರೋಣ. 1983ರ ಮೊದಲ ತಿಂಗಳುಗಳಲ್ಲಿ ಆಸ್ಬೋರ್ನ್ ಎಕ್ಸಿಕ್ಯುಟಿವ್ ಎಂಬ ಮುಂದಿನ ಮಾದರಿಯ ಸುದ್ದಿ ಹೊರಬಿತ್ತು. 7 ಇಂಚಿನ ಪರದೆ, 80 ಅಕ್ಷರಗಳ ಸಾಲು, 2,495 ಡಾಲರ್ ಬೆಲೆ. ಡೀಲರುಗಳು ಹಳೆಯ ಮಾದರಿಯ ಬೇಡಿಕೆಗಳನ್ನು ರದ್ದುಗೊಳಿಸಿದರು, ನಗದಿನ ಹರಿವು ನಿಂತಿತು, ಸೆಪ್ಟೆಂಬರ್ 13ರಂದು ಕಂಪನಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು ಎಂಬುದು ಎಲ್ಲೆಡೆ ಹೇಳುವ ಕಥೆ. ಇದರಲ್ಲಿ ಸುಳ್ಳಿಲ್ಲ, ಆದರೆ ಕಾರಣಗಳ ಅನುಪಾತ ತಪ್ಪಿದೆ. ಆ ಕಾಲದ ಡೀಲರುಗಳಲ್ಲಿ ಕೆಲವರು, ತಮ್ಮ ಗಿರಾಕಿಗಳು ಎಕ್ಸಿಕ್ಯುಟಿವ್‌ಗಾಗಿ ಕಾಯುತ್ತಿರಲಿಲ್ಲ, ಪಕ್ಕದ ಕಪಾಟಿನ ಕೇಪ್ರೊವನ್ನು ಕೊಳ್ಳುತ್ತಿದ್ದರು ಎಂದು ಮುಂದೆ ನೆನಪಿಸಿಕೊಂಡಿದ್ದಾರೆ. ಎಕ್ಸಿಕ್ಯುಟಿವ್ ಕೂಡ ಸಿಪಿ/ಎಂ ಯಂತ್ರವೇ ಆಗಿತ್ತು. ಐಬಿಎಂ ಹೊಂದಾಣಿಕೆ ಮುಂದೆ ಬರುತ್ತದೆಂಬ ಭರವಸೆ ಮಾತ್ರ ಅದರೊಂದಿಗಿತ್ತು. ಬಾಯಿ ಮುಚ್ಚಿಕೊಂಡಿದ್ದರೂ ಅದು ಗೆಲ್ಲುತ್ತಿತ್ತೆಂದು ನಂಬಲು ಕಾರಣವಿಲ್ಲ.

ಕಂಪನಿಯೊಳಗಿನ ಲೆಕ್ಕವೂ ಹದಗೆಟ್ಟಿತ್ತು. ಲಾಭವೆಂದುಕೊಂಡದ್ದು ನಷ್ಟವೆಂದು ತಿಳಿದುಬಂದು, ಷೇರು ಮಾರುಕಟ್ಟೆಗೆ ಹೋಗುವ ಯೋಜನೆಯನ್ನು ಆ ವರ್ಷ ಕೈಬಿಡಬೇಕಾಯಿತು. ಕಂಪನಿಯ ಹಳೆಯ ನೌಕರರೊಬ್ಬರು ಮುಂದೆ ಹೇಳಿದ ಪ್ರಸಂಗವೊಂದು ಈ ಎಲ್ಲಕ್ಕಿಂತ ಹೆಚ್ಚು ಬೆಳಕು ಚೆಲ್ಲುತ್ತದೆ. ಹಳೆಯ ಮಾದರಿಯ ಉತ್ಪಾದನೆ ನಿಂತ ಮೇಲೆ, ಸುಮಾರು 1,50,000 ಡಾಲರ್ ಬೆಲೆಯ ಅದರ ಸಿದ್ಧ ಮದರ್‌ಬೋರ್ಡುಗಳು ಗೋದಾಮಿನಲ್ಲಿ ಉಳಿದಿರುವುದು ಹಿರಿಯ ಅಧಿಕಾರಿಯೊಬ್ಬರ ಕಣ್ಣಿಗೆ ಬಿತ್ತಂತೆ. ಅವನ್ನು ಎಸೆಯಲು ಮನಸ್ಸಾಗದೆ, ಪೂರ್ತಿ ಯಂತ್ರಗಳನ್ನಾಗಿ ಮಾಡಿ ಮಾರೋಣವೆಂದು ಪರದೆ, ಡ್ರೈವ್, ಮೆಮೊರಿ ಚಿಪ್‌ಗಳನ್ನು ತರಿಸಿ, ಪ್ಲಾಸ್ಟಿಕ್ ಕವಚಗಳನ್ನು ಮತ್ತೆ ಮಾಡಿಸುವಷ್ಟರಲ್ಲಿ 20 ಲಕ್ಷ ಡಾಲರ್ ಖರ್ಚಾಗಿತ್ತು. ಕಳೆದುಹೋದ ಸೂಜಿ ಹುಡುಕಲು ಮನೆಯ ಎಣ್ಣೆಯನ್ನೆಲ್ಲ ಸುಟ್ಟ ಹಾಗೆ. ಕೈಯಲ್ಲಿ ನಗದು ಇಲ್ಲದ ಹೊತ್ತಿನಲ್ಲಿ, ಯಾರೂ ಕೇಳದ ಮಾದರಿಗೆ ಹಾಕಿದ ಈ ದುಡ್ಡು ಯಾವ ಪತ್ರಿಕಾಗೋಷ್ಠಿಯ ಮಾತಿಗಿಂತಲೂ ಹೆಚ್ಚು ಹಾನಿ ಮಾಡಿತೆಂಬುದು ಆ ಕಥೆಯ ಇಂಗಿತ. ಆದರೆ ದಾಸ್ತಾನಿನ ತಪ್ಪು ಲೆಕ್ಕಾಚಾರಕ್ಕೆ ಯಾರೂ ಒಬ್ಬ ಮನುಷ್ಯನ ಹೆಸರಿಡುವುದಿಲ್ಲ. ಸೂಟುಬೂಟು ತೊಟ್ಟು, ನಿರರ್ಗಳವಾದ ಬ್ರಿಟಿಷ್ ಇಂಗ್ಲಿಷಿನಲ್ಲಿ ತನ್ನನ್ನು ಹೆನ್ರಿ ಫೋರ್ಡ್‌ಗೆ ಹೋಲಿಸಿಕೊಳ್ಳುತ್ತಿದ್ದ ಒಬ್ಬ ಮಾತುಗಾರ ಎದುರಿಗಿರುವಾಗ ತಪ್ಪನ್ನು ಅವನ ನಾಲಗೆಗೆ ಅಂಟಿಸುವುದು ಸುಲಭವಾಗಿತ್ತು.

ಹಾಗೆಂದ ಮಾತ್ರಕ್ಕೆ ಪರಿಣಾಮವೇ ಇಲ್ಲವೆಂದಲ್ಲ. ಪೂರ್ವಘೋಷಣೆ ಮಾರಾಟವನ್ನು ತಡೆಯುತ್ತದೆ. ಅದು ಕಂಪನಿಯನ್ನು ಕೊಲ್ಲುವುದು ಬೇರೆ ರೋಗ ಮೊದಲೇ ಇದ್ದಾಗ. ಆಪಲ್ ಕಂಪನಿ 2005ರ ಜೂನ್‌ನಲ್ಲಿ ತನ್ನ ಮ್ಯಾಕ್‌ಗಳು ಇಂಟೆಲ್ ಪ್ರೊಸೆಸರ್‌ಗೆ ಬದಲಾಗಲಿವೆ ಎಂದು ಪ್ರಕಟಿಸಿತು. ಮೊದಲ ಇಂಟೆಲ್ ಮ್ಯಾಕ್ ಬಂದದ್ದು 2006ರ ಜನವರಿಯಲ್ಲಿ. ಆಸ್ಬೋರ್ನ್ ಗತಿಯೇ ಆಪಲ್‌ಗೂ ಬರುತ್ತದೆಂದು ಅನೇಕರು ಆಗ ಭವಿಷ್ಯ ನುಡಿದರು, ಬರಲಿಲ್ಲ. 2020ರ ಜೂನ್‌ನಲ್ಲಿ ಅದೇ ಕಂಪನಿ ಇಂಟೆಲ್‌ನಿಂದ ತನ್ನದೇ ಚಿಪ್‌ಗೆ ಬದಲಾಗುವುದಾಗಿ ಹೇಳಿತು. ಹೊಸ ಯಂತ್ರಗಳು ನವೆಂಬರ್‌ನಲ್ಲಿ ಬರುವ ಮುನ್ನ, ಸೆಪ್ಟೆಂಬರ್‌ಗೆ ಮುಗಿದ ತ್ರೈಮಾಸಿಕದಲ್ಲಿ ಹಳೆಯ ಮ್ಯಾಕ್‌ಗಳ ಮಾರಾಟ ಅಲ್ಲಿಯವರೆಗಿನ ದಾಖಲೆಯಾದ 900 ಕೋಟಿ ಡಾಲರ್ ಮುಟ್ಟಿತು. ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಮಾಡುವವರ ಬೇಡಿಕೆ ಅದಕ್ಕೆ ಮುಖ್ಯ ಕಾರಣವೆನ್ನಬಹುದು. ಆದರೂ ಹಳೆಯ ತಂತ್ರಾಂಶ ಹೊಸ ಯಂತ್ರದಲ್ಲೂ, ಹೊಸ ತಂತ್ರಾಂಶ ಹಳೆಯ ಯಂತ್ರದಲ್ಲೂ ಕೆಲವು ವರ್ಷ ನಡೆಯುತ್ತದೆಂಬ ಭರವಸೆಯನ್ನು ಆಪಲ್ ಎರಡೂ ಬಾರಿ ಕೊಟ್ಟಿತ್ತೆಂಬುದನ್ನು ಮರೆಯಬಾರದು. ಇಂದು ಕೊಂಡದ್ದು ನಾಳೆ ಕಸವಾಗುವುದಿಲ್ಲವೆಂಬ ನಂಬಿಕೆ ಇದ್ದರೆ ಗಿರಾಕಿ ಕಾಯುವುದಿಲ್ಲ.

ನೋಕಿಯಾ ಇದಕ್ಕೆ ಎದುರು ಉದಾಹರಣೆ. 2011ರ ಫೆಬ್ರುವರಿಯಲ್ಲಿ ಅದರ ಮುಖ್ಯಸ್ಥ ಸ್ಟೀಫನ್ ಇಲೋಪ್ ಅವರು ಸಿಂಬಿಯನ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್‌ನ ಫೋನುಗಳನ್ನು ಕ್ರಮೇಣ ಕೈಬಿಟ್ಟು ಮೈಕ್ರೊಸಾಫ್ಟ್‌ನ ವಿಂಡೋಸ್ ಫೋನ್‌ಗೆ ಹೋಗುವುದಾಗಿ ಘೋಷಿಸಿದರು. ಮೊದಲ ಲೂಮಿಯಾ ಫೋನು ಅಂಗಡಿಗೆ ಬಂದದ್ದು ವರ್ಷದ ಕೊನೆಯಲ್ಲಿ. 2010ರಲ್ಲಿ ಸುಮಾರು 10 ಕೋಟಿ ಸ್ಮಾರ್ಟ್‌ಫೋನ್ ಮಾರಿದ್ದ ಕಂಪನಿ 2012ರಲ್ಲಿ ಮಾರಿದ್ದು ಸುಮಾರು 3.5 ಕೋಟಿ. ಸಿಂಬಿಯನ್‌ಗೆ ಭವಿಷ್ಯವಿಲ್ಲವೆಂದು ತಯಾರಕರೇ ಹೇಳಿದ್ದರು, ಹೊಸದು ಕೈಗೆ ಸಿಗುತ್ತಿರಲಿಲ್ಲ, ಆಂಡ್ರಾಯ್ಡ್ ಮತ್ತು ಐಫೋನ್ ಎದುರಿಗೇ ಇದ್ದವು. ಹೊಸ ಫೋನ್ ಬಂದ ಮೇಲೂ ಅದಕ್ಕೆ ಬೇಕಾದಷ್ಟು ಆ್ಯಪ್‌ಗಳಿರಲಿಲ್ಲ. 1983ರಲ್ಲಿ ಸಿಪಿ/ಎಂಗೆ ಆದದ್ದೇ ಇಲ್ಲಿ ಬೇರೆ ಹೆಸರುಗಳಲ್ಲಿ ಮರುಕಳಿಸಿತು. ಜಿಎಸ್‌ಟಿಯ ವಿಷಯಕ್ಕೆ ಬಂದರೆ, ಕೊಳ್ಳುವವರು ತಿರುಗಿಹೋಗಬಹುದಾದ ಬೇರೆ ದೇಶವಾಗಲಿ ಬೇರೆ ತೆರಿಗೆಯಾಗಲಿ ಇರಲಿಲ್ಲ. ಐದು ವಾರ ಕಾದವರು ನವರಾತ್ರಿಯಿಂದ ದೀಪಾವಳಿಯವರೆಗೆ ದಾಖಲೆ ಪ್ರಮಾಣದಲ್ಲಿ ಕೊಂಡರು. ಮಾರಾಟ ಸತ್ತಿರಲಿಲ್ಲ, ಮುಂದೂಡಿಕೆಯಾಗಿತ್ತು. ಆ ಅವಧಿಯನ್ನು ದಾಟುವಷ್ಟು ನಗದು ಯಾರ ಬಳಿಯಿತ್ತು, ಸೆಸ್ ಕಟ್ಟಿದ ದಾಸ್ತಾನು ಯಾರ ತಲೆಯ ಮೇಲಿತ್ತು ಎಂಬುದರ ಮೇಲೆ ನೋವು ಹಂಚಿಕೆಯಾಯಿತು.

ಈಚೆಗೆ ಕಂಪನಿಗಳು ಆಸ್ಬೋರ್ನ್ ಪಾಠವನ್ನು ತಲೆಕೆಳಗು ಮಾಡಿಕೊಂಡಿವೆಯೆಂದು ತೋರುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದಷ್ಟೇ ಅಲ್ಲ, ಆ ಕುಲಾವಿಯನ್ನು ತೋರಿಸಿ ಇಂದಿನ ಸರಕನ್ನೇ ಮಾರುವುದು ಈಗಿನ ಕ್ರಮ. 2024ರ ಜೂನ್‌ನಲ್ಲಿ ಆಪಲ್ ತನ್ನ ಸಿರಿ ಸಹಾಯಕಿ ಬಳಕೆದಾರರ ವೈಯಕ್ತಿಕ ಸಂದರ್ಭವನ್ನು ಅರಿತು ಕೆಲಸ ಮಾಡುವ ದೃಶ್ಯಗಳನ್ನು ತೋರಿಸಿತು, ಸೆಪ್ಟೆಂಬರ್‌ನ ಐಫೋನ್ 16 ಮಾರಾಟವಾದದ್ದು ಅದೇ ಭರವಸೆಯ ಬೆನ್ನೇರಿ, 2025ರ ಮಾರ್ಚ್‌ನಲ್ಲಿ ಆ ಸೌಲಭ್ಯ ಮುಂದಕ್ಕೆ ಹೋಗಿದೆಯೆಂದು ಕಂಪನಿ ಒಪ್ಪಿಕೊಂಡಿತು. ಬರಲಿರುವುದು ಇಂದಿನ ಯಂತ್ರದಲ್ಲೇ ತಂತ್ರಾಂಶವಾಗಿ ಇಳಿಯುತ್ತದೆಂದರೆ ಗಿರಾಕಿ ಕಾಯುವ ಬದಲು ಇಂದೇ ಕೊಳ್ಳುತ್ತಾನೆ. ಆಸ್ಬೋರ್ನ್ ಅವರಿಗೆ ಈ ದಾರಿ ಇರಲಿಲ್ಲ. 5 ಇಂಚಿನ ಪರದೆಯನ್ನು ಅಂತರ್ಜಾಲದ ಮೂಲಕ 7 ಇಂಚಿಗೆ ಹಿಗ್ಗಿಸಲಾಗುತ್ತಿರಲಿಲ್ಲ.

ಅವರ ಎರಡನೆಯ ಇನ್ನಿಂಗ್ಸ್ ಮೊದಲನೆಯದರಷ್ಟು ಪ್ರಸಿದ್ಧವಲ್ಲ, ಆದರೆ ಇಂದಿಗೆ ಹೆಚ್ಚು ಪ್ರಸ್ತುತವಾದದ್ದು ಅದೇ. 1984ರಲ್ಲಿ ಬರ್ಕ್ಲಿಯಲ್ಲಿ ಅವರು ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಎಂಬ ಕಂಪನಿ ಆರಂಭಿಸಿದರು. ಹೆಸರೇ ಹೇಳುವಂತೆ, ಪುಸ್ತಕ ಪ್ರಕಾಶಕರಾಗಿ ಕಲಿತದ್ದನ್ನು ತಂತ್ರಾಂಶಕ್ಕೆ ಅನ್ವಯಿಸುವ ಯತ್ನವದು: ದಪ್ಪ ರಟ್ಟಿನ ದುಬಾರಿ ಆವೃತ್ತಿಯ ಬದಲು ಅಗ್ಗದ ಆವೃತ್ತಿ. ಲೋಟಸ್ 1-2-3ರ ಬೆಲೆ 495 ಡಾಲರ್ ಇದ್ದಾಗ, ಅದೇ ಕೆಲಸ ಮಾಡುವ ಅವರ ವಿಪಿ-ಪ್ಲ್ಯಾನರ್ 99 ಡಾಲರಿಗೆ ಸಿಗುತ್ತಿತ್ತು. ಹೊಂದಾಣಿಕೆ ಇಲ್ಲದ್ದಕ್ಕೆ ಒಮ್ಮೆ ಮುಳುಗಿದ್ದವರು ಈ ಬಾರಿ ಆ ತಪ್ಪು ಮಾಡಲು ಸಿದ್ಧರಿರಲಿಲ್ಲ.

ಹೊಂದಾಣಿಕೆ ಎಂದರೆ ಇಲ್ಲಿ ಏನು? ಲೋಟಸ್‌ನಲ್ಲಿ ಓರೆಗೀಟಿನ (/) ಕೀಲಿ ಒತ್ತಿದರೆ ಪರದೆಯ ಮೇಲ್ತುದಿಯಲ್ಲಿ ವರ್ಕ್‌ಶೀಟ್, ರೇಂಜ್, ಕಾಪಿ, ಮೂವ್, ಫೈಲ್, ಪ್ರಿಂಟ್ ಹೀಗೆ ಆಜ್ಞೆಗಳ ಸಾಲು ಮೂಡುತ್ತಿತ್ತು. ಪ್ರತಿ ಆಜ್ಞೆಗೂ ಅದರ ಮೊದಲ ಅಕ್ಷರವೇ ಕೀಲಿ: ಓರೆಗೀಟು, ಎಫ್, ಎಸ್ ಒತ್ತಿದರೆ ಕಡತ ಉಳಿಯುತ್ತದೆ, ಓರೆಗೀಟು, ಎಫ್, ಆರ್ ಒತ್ತಿದರೆ ಹಳೆಯ ಕಡತ ತೆರೆಯುತ್ತದೆ. ದಿನವಿಡೀ ಲೆಕ್ಕ ಹಾಕುವ ಗುಮಾಸ್ತರ ಬೆರಳುಗಳಿಗೆ ಇವು ಬಾಯಿಪಾಠವಾಗಿದ್ದವು. ಅದಕ್ಕಿಂತ ಮುಖ್ಯವಾಗಿ, ತಿಂಗಳ ಸಂಬಳದ ಪಟ್ಟಿಯಂಥ ಪುನರಾವರ್ತಿತ ಕೆಲಸಗಳಿಗೆ ಕಚೇರಿಗಳು ಬರೆದಿಟ್ಟುಕೊಂಡಿದ್ದ ಮ್ಯಾಕ್ರೊಗಳೆಲ್ಲ ಈ ಅಕ್ಷರಗಳ ಸರಮಾಲೆಗಳೇ. ಒಂದು ಆಜ್ಞೆಯ ಹೆಸರು ಬದಲಾದರೆ ಮ್ಯಾಕ್ರೊ ಅರ್ಧದಲ್ಲಿ ನಿಲ್ಲುತ್ತದೆ. ಆದ್ದರಿಂದ ವಿಪಿ-ಪ್ಲ್ಯಾನರ್ ತನ್ನ ಒಳಗಿನ ಸಂಕೇತಗಳನ್ನು (ಕೋಡ್) ಸ್ವಂತವಾಗಿ ಬರೆದುಕೊಂಡಿದ್ದರೂ, ಹೊರಗಿನ ಮೆನುವನ್ನು ಆಜ್ಞೆಗಳ ಹೆಸರು ಮತ್ತು ಕ್ರಮದ ಸಮೇತ ಲೋಟಸ್‌ನಂತೆಯೇ ಇಟ್ಟಿತು.

1987ರ ಜನವರಿಯಲ್ಲಿ ಲೋಟಸ್ ಮೊಕದ್ದಮೆ ಹೂಡಿತು. ಅಲ್ಲಿಂದಾಚೆಗೆ ಮಾರಾಟಗಾರರೂ ಗಿರಾಕಿಗಳೂ ಹಿಂಜರಿದರು. 1990ರ ಜೂನ್ 28ರಂದು ಬಾಸ್ಟನ್‌ನ ಫೆಡರಲ್ ನ್ಯಾಯಾಧೀಶ ರಾಬರ್ಟ್ ಕೀಟನ್ ಅವರು, ಮೆನುವಿನ ರಚನೆಯೂ ಕ್ರಮವೂ ಆಯ್ದ ಪದಗಳೂ ಕರ್ತೃವಿನ ಅಭಿವ್ಯಕ್ತಿಯೇ ಆಗಿದ್ದು ಹಕ್ಕುಸ್ವಾಮ್ಯಕ್ಕೆ ಒಳಪಡುತ್ತವೆಂದು ತೀರ್ಪಿತ್ತರು. ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಚೇತರಿಸಿಕೊಳ್ಳಲಿಲ್ಲ. ಕಾಂಪ್ಯಾಕ್ ಐಬಿಎಂ ಯಂತ್ರದ ಕಾರ್ಯವನ್ನು ತನ್ನದೇ ಸಂಕೇತಗಳಿಂದ ಅನುಕರಿಸಿದಾಗ ಅದು ಉದ್ಯಮದ ಬೆಳವಣಿಗೆಯಾಯಿತು, ಆಸ್ಬೋರ್ನ್ ಲೋಟಸ್‌ನ ಕಾರ್ಯವನ್ನು ತನ್ನದೇ ಸಂಕೇತಗಳಿಂದ ಅನುಕರಿಸಿದಾಗ ಅದು ಕಳ್ಳತನವಾಯಿತು. ವ್ಯತ್ಯಾಸ ಇದ್ದದ್ದು ಎರಡು ಯಂತ್ರಾಂಗಗಳು ಪರಸ್ಪರ ಮಾತಾಡುವ ಸಂಪರ್ಕಕ್ಕೂ ಮನುಷ್ಯ ಯಂತ್ರದೊಡನೆ ಮಾತಾಡುವ ಸಂಪರ್ಕಕ್ಕೂ ನಡುವೆ. ಮೊದಲನೆಯದನ್ನು ಸಾಧನವೆಂದೂ ಎರಡನೆಯದನ್ನು ಸಾಹಿತ್ಯವೆಂದೂ ಕಾನೂನು ಆ ಹೊತ್ತಿಗೆ ಎಣಿಸಿತು. ನನಗೆ ಇದು ಒಪ್ಪುವ ಮಾತಾಗಿ ಕಾಣುವುದಿಲ್ಲ. ಎಫ್ ಒತ್ತಿ ಎಸ್ ಒತ್ತುವುದು ಕಾವ್ಯವಲ್ಲ. ಲೋಟಸ್ ಕೂಡ ತನಗಿಂತ ಮೊದಲು ಬಂದ ವಿಸಿಕ್ಯಾಲ್ಕ್‌ನಿಂದ ಅಡ್ಡ ಮತ್ತು ಉದ್ದ ಸಾಲುಗಳ ಲೆಕ್ಕದ ಹಾಳೆಯ ಕಲ್ಪನೆಯನ್ನೂ ಓರೆಗೀಟಿನ ಕೀಲಿಯ ರೂಢಿಯನ್ನೂ ಪಡೆದುಕೊಂಡಿತ್ತು.

ಕಾನೂನೂ ತನ್ನ ಅಭಿಪ್ರಾಯ ಬದಲಿಸಿತು, ಆದರೆ ತಡವಾಗಿ. ಆಸ್ಬೋರ್ನ್ ವಿರುದ್ಧದ ತೀರ್ಪು ಬಂದ ನಾಲ್ಕೇ ದಿನಗಳಲ್ಲಿ ಲೋಟಸ್ ಇನ್ನೂ ದೊಡ್ಡ ಎದುರಾಳಿಯಾದ ಬೋರ್ಲ್ಯಾಂಡ್ ಎಂಬ ತಂತ್ರಾಂಶ ಕಂಪನಿಯ ಮೇಲೆ ಇದೇ ಬಗೆಯ ಮೊಕದ್ದಮೆ ಹೂಡಿತ್ತು. ಅದರಲ್ಲೂ ಕೀಟನ್ ಅವರು ಲೋಟಸ್ ಪರವೇ ತೀರ್ಪು ಕೊಟ್ಟರು. ಬೋರ್ಲ್ಯಾಂಡ್ ಬಳಿ ಮೇಲ್ಮನವಿ ಸಲ್ಲಿಸಿ ಕಾಯುವಷ್ಟು ಹಣವಿತ್ತು. 1995ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯ, ಮೆನುವಿನ ಆಜ್ಞೆಗಳು ವಿಡಿಯೊ ರೆಕಾರ್ಡರ್‌ನ ಗುಂಡಿಗಳಿದ್ದಂತೆ, ಅವು ಕೆಲಸ ಮಾಡಿಸುವ ವಿಧಾನವೇ ಹೊರತು ಅಭಿವ್ಯಕ್ತಿಯಲ್ಲ ಎಂದು ಹೇಳಿ ಆ ತೀರ್ಪನ್ನು ಮಗುಚಿ ಹಾಕಿತು. 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ನಾಲ್ಕು ನಾಲ್ಕಾಗಿ ಒಡೆದುಹೋದ್ದರಿಂದ ಅದೇ ಉಳಿಯಿತು. ಅಷ್ಟರಲ್ಲಿ ಆಸ್ಬೋರ್ನ್ ಆಟದಿಂದ ಹೊರಗಿದ್ದರು. ಮೆದುಳಿನ ಕಾಯಿಲೆಯಿಂದ ಆರೋಗ್ಯ ಕೆಟ್ಟು, 1992ರಲ್ಲಿ ಭಾರತಕ್ಕೆ ಮರಳಿ ಕೊಡೈಕನಾಲ್‌ನಲ್ಲಿ ತಮ್ಮ ಸಹೋದರಿಯೊಂದಿಗೆ ನೆಲೆಸಿದ್ದರು. ಅಲ್ಲಿಯೇ 2003ರ ಮಾರ್ಚ್ 18ರಂದು, 64ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬಳಕೆದಾರರ ಬೆರಳಿಗೆ ರೂಢಿಯಾದದ್ದರ ಒಡೆಯರು ಯಾರು ಎಂಬ ಪ್ರಶ್ನೆ ಕನ್ನಡಿಗರಿಗೂ ಹೊಸದಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಮಾನಕವಾಗಿ ಒಪ್ಪಿಕೊಂಡದ್ದರಿಂದ ‘ನುಡಿ’ ತಂತ್ರಾಂಶದಲ್ಲಿ ಕಲಿತವರು ಬೇರೊಂದು ತಂತ್ರಾಂಶಕ್ಕೆ ಹೋದರೂ ‘ಕ’ ಎಲ್ಲಿದೆ, ಒತ್ತಕ್ಷರ ಹೇಗೆ ಎಂದು ಮತ್ತೆ ಕಲಿಯಬೇಕಾಗಿಲ್ಲ. ಆ ವಿನ್ಯಾಸ ಒಂದೇ ಕಂಪನಿಯ ಸ್ವತ್ತಾಗಿ, ಅದನ್ನು ಅನುಸರಿಸಿದವರ ಮೇಲೆಲ್ಲ ಮೊಕದ್ದಮೆ ಬೀಳುವಂತಿದ್ದರೆ ಕಂಪ್ಯೂಟರಿನಲ್ಲಿ ಕನ್ನಡದ ದಾರಿ ಬೇರೆಯೇ ಆಗಿರುತ್ತಿತ್ತು.

ಕೃತಕ ಬುದ್ಧಿಮತ್ತೆಯ ಸಾಧನಗಳು ಒಂದು ತಂತ್ರಾಂಶದ ನಡವಳಿಕೆಯನ್ನು ನೋಡಿ ಅದರಂತೆಯೇ ನಡೆಯುವ ಇನ್ನೊಂದನ್ನು ಬಲುಬೇಗ ಬರೆದುಕೊಡುವ ಈ ದಿನಗಳಲ್ಲಿ ವಿಪಿ-ಪ್ಲ್ಯಾನರ್ ಪ್ರಕರಣ ಮತ್ತೆ ಜೀವ ಪಡೆಯುತ್ತಿದೆ. ಸ್ವಂತ ಸಂಕೇತ ಬರೆಯಲು ಬೇಕಾಗಿದ್ದ ಶ್ರಮವೇ ಇಷ್ಟು ಕಾಲ ಅನುಕರಣೆಗೆ ದೊಡ್ಡ ತಡೆಯಾಗಿತ್ತು. ಆ ತಡೆ ಕುಸಿದಾಗ ಕಂಪನಿಗಳು ಮೆನು, ಆಜ್ಞೆ, ಒಂದು ತಂತ್ರಾಂಶ ಇನ್ನೊಂದರೊಡನೆ ಮಾತಾಡುವ ಸಂಪರ್ಕಗಳಾದ ಎಪಿಐಗಳ ಮೇಲಿನ ಹಕ್ಕನ್ನೇ ಹಿಡಿದು ನ್ಯಾಯಾಲಯಕ್ಕೆ ಬರುವ ಸಾಧ್ಯತೆ ಹೆಚ್ಚು. ಆಂಡ್ರಾಯ್ಡ್‌ಗಾಗಿ ಜಾವಾ ಎಂಬ ಪ್ರೋಗ್ರಾಂ ಭಾಷೆಯ ಎಪಿಐಗಳ ಸುಮಾರು 11,500 ಸಾಲು ಸಂಕೇತಗಳನ್ನು ಗೂಗಲ್ ಬಳಸಿದ್ದರ ವಿರುದ್ಧ ಒರಾಕಲ್ ಹೂಡಿದ್ದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 5ರಂದು 6–2ರ ಬಹುಮತದಿಂದ ಗೂಗಲ್ ಪರ ತೀರ್ಪು ನೀಡಿತು. ಆದರೆ ಅದು ಆಧಾರವಾಗಿಟ್ಟುಕೊಂಡದ್ದು ನ್ಯಾಯೋಚಿತ ಬಳಕೆಯ ತತ್ತ್ವವನ್ನು. ಇಂಥ ಸಂಪರ್ಕಗಳಿಗೆ ಹಕ್ಕುಸ್ವಾಮ್ಯ ಇದೆಯೇ ಎಂಬ ಮೂಲ ಪ್ರಶ್ನೆಯನ್ನು, ಇದೆಯೆಂದೇ ವಾದಕ್ಕಾಗಿ ಇಟ್ಟುಕೊಂಡು, ಬಗೆಹರಿಸದೆ ಬದಿಗಿಟ್ಟಿತು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. 1999ರ ತಿದ್ದುಪಡಿಯಿಂದ ಅದರ 52ನೆಯ ಕಲಮಿಗೆ ಸೇರಿದ ಉಪನಿಯಮವೊಂದು, ಸ್ವತಂತ್ರವಾಗಿ ರಚಿಸಿದ ಪ್ರೋಗ್ರಾಂ ಇತರ ಪ್ರೋಗ್ರಾಂಗಳೊಂದಿಗೆ ಹೊಂದಿಕೊಂಡು ನಡೆಯಲು ಬೇಕಾದ, ಬೇರೆಡೆ ಸುಲಭವಾಗಿ ಸಿಗದ ಮಾಹಿತಿಯನ್ನು ಪಡೆಯಲು ಅಗತ್ಯವಾದ ಕ್ರಿಯೆಗಳಿಗೆ ಅವಕಾಶ ಕೊಡುತ್ತದೆ. ಹಾಗೆ ಪಡೆದ ಮಾಹಿತಿಯನ್ನು ಬಳಸಿ ಅದೇ ಮೆನುವನ್ನು, ಅದೇ ಆಜ್ಞೆಗಳನ್ನು ಗಿರಾಕಿಯ ಮುಂದಿಡಬಹುದೇ ಎಂಬ ವಿಷಯದಲ್ಲಿ ಅದರ ಪಠ್ಯ ಮೌನವಾಗಿದೆ. ಬೆಂಗಳೂರಿನ ಪುಟ್ಟ ಕಂಪನಿಯೊಂದು ನಾಳೆ 99 ಡಾಲರಿನ ವಿಪಿ-ಪ್ಲ್ಯಾನರ್‌ನಂಥದ್ದನ್ನು ಮಾರಲು ಹೊರಟರೆ ಅದರ ವಕೀಲರು ಮೊದಲು ನೋಡಬೇಕಾದದ್ದು ಈ ಉಪನಿಯಮವನ್ನೇ.